ಊರು ತೊಳೆದುಹೋದ ನೂರಾ ಹನ್ನೊಂದು ಕಲ್ಲು

ಲಿಂಗಸುಗೂರಿನ ಜನ ನಮ್ಮನ್ನು ಕಲ್ಲು ನೆಕ್ಕುವವರು ಎಂದು ಕರೆಯುತ್ತಿದ್ದರು. ಇದರಲ್ಲಿ ಸುಳ್ಳೇನೂ ಇರಲಿಲ್ಲ. ಬಿಸಿಲಿಗೆ ಒಣಗಿದ ಕಲ್ಲು ತನ್ನ ಬಣ್ಣವನ್ನು ಯಾರಿಗೂ ತೋರಿಸುವುದಿಲ್ಲ. ಒದ್ದೆಯಾದ ಕೂಡಲೇ ಅದರೊಳಗಿನ ಕೆಂಪು, ಹಸಿರು, ಗೆರೆ, ಚುಕ್ಕೆ ಎಲ್ಲ ಮೇಲೆದ್ದು ಬರುತ್ತವೆ. ನಮ್ಮ ಸೀಮೆಯಲ್ಲಿ ಕಲ್ಲು ಸಿಕ್ಕ ಕಡೆ ನೀರು ಸಿಗುವುದಿಲ್ಲ. ನಾಲಿಗೆ ಮಾತ್ರ ಎಲ್ಲಿಗೆ ಹೋದರೂ ಜೊತೆಗೇ ಬರುತ್ತದೆ. ಹೀಗಾಗಿ ಮಸ್ಕಿಯ ಬಟ್ಟೆ ಸಾವುಕಾರರು, ಸಿಂಧನೂರಿನ ಕಾಲುವೆ ಓವರ್ಸಿಯರ್ ಸಾಹೇಬರು, ತಹಸೀಲ್ ಕಚೇರಿಯ ಗುಮಾಸ್ತನಾದ ನಾನು, ಎಲ್ಲರೂ ಹೊಲದ ಬದುವಿನ ಮೇಲೆ ನಿಂತು ಕಲ್ಲು ನೆಕ್ಕುವುದನ್ನು ಜನ ಕಣ್ಣಾರೆ ಕಂಡಿದ್ದರು. ನನ್ನ ತಾಯಿಯಂತೂ, "ಉಪ್ಪು ಕಡಿಮಿ ಆಗಿದ್ರ ಹೇಳಪಾ, ಸಾರಿಗೆ ಇನ್ನೊಂದಿಷ್ಟು ಹಾಕ್ತೀನಿ" ಎಂದಿದ್ದಳು.

ಕಲ್ಲು ಕೂಡಿಸುವ ನಮ್ಮ ಸಂಘ ಎಂದರೆ ಐದು ಜನ ಮತ್ತು ಒಂದು ಕಪಾಟು. ಕಪಾಟು ದವಾಖಾನೆಯದು. ಅಲ್ಲಿಗೆ ಹೊಸದು ಬಂದಾಗ ಹಳೆಯದನ್ನು ಹರಾಜು ಹಾಕಿದ್ದರು. ಮೇಲಿನ ಖಾನೆ ತೆರೆದರೆ ಇನ್ನೂ ಟಿಂಚರ್ ವಾಸನೆ ಹೊಡೆಯುತ್ತಿತ್ತು. ಹರಾಜಿನಲ್ಲಿ ಅದನ್ನು ಕೊಂಡವರು ಅದೇ ದವಾಖಾನೆಯಲ್ಲಿ ಕಂಪೌಂಡರಾಗಿದ್ದು ನಿವೃತ್ತರಾದವರು. ಊರಿಗೆಲ್ಲ ಕಾಕಾ. ಮೂವತ್ತು ವರ್ಷ ಪುಡಿ ತೂಗಿ ತೂಗಿ ಪೊಟ್ಟಣ ಕಟ್ಟಿದ ಕೈ ಅದು. ಎರಡು ಅಂಗೈಗೆ ಎರಡು ಕಲ್ಲು ಇಟ್ಟರೆ ಸಾಕು, ಕಣ್ಣು ಮುಚ್ಚಿ, "ಬಲಗೈಯಾಂದು ಭಾರ. ಇದರಾಗ ಕಬ್ಬಿಣ ಅದ" ಎನ್ನುತ್ತಿದ್ದರು. ಒಡೆದು ನೋಡಿದರೆ ಕಬ್ಬಿಣ ಇರುತ್ತಿತ್ತು. ಅವರ ಕಣ್ಣು ಮುಚ್ಚುವ ರೀತಿಯನ್ನು ನಾನು ಕಚೇರಿಯಲ್ಲಿ ಅಣಕಿಸಿ ತೋರಿಸಿ ಎಲ್ಲರನ್ನೂ ನಗಿಸಿದ್ದೆ. ಆದರೆ ಮನೆಗೆ ಬಂದು ಅದೇ ರೀತಿ ಕಣ್ಣು ಮುಚ್ಚಿ ಎರಡು ಬದನೆಕಾಯಿ ಹಿಡಿದರೆ ಯಾವುದು ಭಾರ ಎಂದು ನನಗೆ ತಿಳಿಯಲಿಲ್ಲ.

ನನಗೆ ಆಗ ಇಪ್ಪತ್ತೊಂದು. ಕಂಡವರ ದನಿ ಕದಿಯುವುದು ನನ್ನ ಚಟ. ಯಾರಾದರೂ ಎರಡು ಮಾತಾಡಿದರೆ ಮೂರನೆಯದನ್ನು ಅವರದೇ ಗಂಟಲಿನಲ್ಲಿ ನಾನು ಆಡುತ್ತಿದ್ದೆ. ಸಂಘಕ್ಕೆ ಸೇರಿದ್ದೂ ಕಲ್ಲಿನ ಮೇಲಿನ ಪ್ರೀತಿಯಿಂದಲ್ಲ. ಇಷ್ಟು ಒಳ್ಳೊಳ್ಳೆಯ ಗಂಟಲುಗಳು ಒಂದೇ ಪಡಸಾಲೆಯಲ್ಲಿ ಬೇರೆಲ್ಲೂ ಸಿಗುತ್ತಿರಲಿಲ್ಲ.

ಅದಕ್ಕೆ ಕಾರಣ ಕಾಕಾ ಹಾಕಿಕೊಟ್ಟ ಒಂದು ಪದ್ಧತಿ. ಕಲ್ಲು ತಂದವರು ಭಾನುವಾರ ಅವರ ಮನೆಯ ಪಡಸಾಲೆಯ ನಡುವೆ ಎದ್ದು ನಿಲ್ಲಬೇಕು. ಕಲ್ಲನ್ನು ಎಡ ಅಂಗೈ ಮೇಲೆ ಇಟ್ಟುಕೊಳ್ಳಬೇಕು. ಕಾಕಾ ಮೂರು ಮಾತು ಕೇಳುತ್ತಿದ್ದರು: ಎಲ್ಲಿ ಸಿಕ್ಕಿತು? ಹೆಂಗ ಸಿಕ್ಕಿತು? ಏನಂತ ತಿಳ್ಕೊಂಡು ಎತ್ತಿದಿ? ಮೂರಕ್ಕೂ ಎಲ್ಲರೆದುರು ಉತ್ತರ ಕೊಟ್ಟ ಮೇಲೇ ಕಲ್ಲಿಗೆ ಚೀಟಿ, ಚೀಟಿ ಅಂಟಿದ ಮೇಲೇ ಕಪಾಟು. ಕಲ್ಲಿನ ಹೆಸರು ಚೀಟಿಯ ಕೊನೆಗೆ ಬರುತ್ತಿತ್ತು, ಊರು ಮೊದಲು. "ಹೆಸರು ನಾಳಿ ಬದಲಾಗಬಹುದು. ನಮಗಿಂತ ತಿಳಿದಾಂವ ಬಂದು ಬ್ಯಾರೆ ಹೆಸರು ಇಟ್ಟಾನು. ಹುಟ್ಟಿದ ಜಾಗಾ ತಪ್ಪಿತು ಅಂದ್ರ ಅದು ಬರೇ ಒಗಿಯೋ ಕಲ್ಲು" ಎನ್ನುತ್ತಿದ್ದರು.

ಮೂರನೆಯ ಪ್ರಶ್ನೆಯೇ ನನಗೆ ಹಬ್ಬ. ದೊಡ್ಡ ದೊಡ್ಡವರು ಎದ್ದು ನಿಂತು ತಮ್ಮ ಪೆದ್ದುತನ ಒಪ್ಪಿಕೊಳ್ಳಬೇಕಾಗುತ್ತಿತ್ತು. ಮಸ್ಕಿಯ ಸಾವುಕಾರರು ಗಜ ಅಳೆದ ಕೈಯನ್ನು ಬೀಸುತ್ತ ಹೇಳುತ್ತಿದ್ದರು: "ಏನಂತ ತಿಳ್ಕೊಂಡೆ ಅಂತೀರಿ? ಬಂಗಾರ ರೀ, ಸಾಕ್ಷಾತ್ ಬಂಗಾರ! ಗುಡ್ಡದ ಪಡುವಣ ಬಗಲಾಗ ಹಳೇ ಕುಣಿ ಐತಲ್ಲ, ಅದರ ಬಾಯಿಗೇ ಬಿದ್ದಿತ್ತು. ಧೋತರದ ಚುಂಗಿನಾಗ ಗಂಟು ಹಾಕ್ಕೊಂಡು ಮನಿಗೆ ಬಂದು, ಬಾಗಿಲಾ ಹಾಕಿ, ನಮ್ಮಾಕಿಗೆ ತೋರಿಸಿದ್ನಿ. ಆಕಿ ಸುಮ್ನ ಒಂದು ಚೂರು ಮುರಿದು ಒಲಿಯಾಗ ಒಗೆದ್ಲು. ಗಂಧಕದ ನಾತ ರೀ, ಮನಿ ತುಂಬ!"

"ಅವ್ವಾರನ್ನ ಸಂಘಕ್ಕ ಕರಕೊಂಡು ಬರ್ರಿ ಸಾವುಕಾರ್ರ. ನಿಮ್ಮನ್ನ ಅಂಗಡ್ಯಾಗ ಬಿಟ್ಟು ಬರ್ರಿ" ಎಂದರು ಕಾಕಾ.

ಓವರ್ಸಿಯರ್ ಸಾಹೇಬರು ಆಂಧ್ರದ ಕಡೆಯವರು. ಸಿಂಧನೂರಿನಲ್ಲಿ ಹೊಸ ಕಾಲುವೆ ಅಗೆಸುತ್ತಿದ್ದರು. ಅಗೆತದಲ್ಲಿ ಎದ್ದ ಕಲ್ಲುಗಳನ್ನು ಟಿಫಿನ್ ಡಬ್ಬಿಯಲ್ಲಿ ತುಂಬಿಕೊಂಡು ಬಸ್ಸಿನಲ್ಲಿ ಬರುತ್ತಿದ್ದರು. "ಮುಕ್ಕುಂದದ ದಾರಿ ಅಂಡಿ, ಹನ್ನೊಂದು ಅಡಿ ಆಳ. ಟೇಪು ಹಿಡಿದು ಅಳೆದೀನಿ ಅಂಡಿ. ಬಾತುಕೋಳಿ ಮೊಟ್ಟೆ ಅಂತ ತಿಳ್ಕೊಂಡೆ. ಬೇಯಿಸಲಿಕ್ಕೆ ಹೇಳಿದೆ ಕೂಡಾ" ಎಂದು ಸುಣ್ಣದ ಉಂಡೆಯೊಂದನ್ನು ತೋರಿಸಿದ ದಿನ ನಾನು ಕಂಬ ಹಿಡಿದು ನಕ್ಕೆ. ನಿಜ ಹೇಳಬೇಕೆಂದರೆ, ಸಾವಿರ ಆಳು ದುಡಿಯುವ ಕಡೆ, ಧೂಳಿನ ನಡುವೆ, ಒಂದು ಉಂಡೆಗೆ ಟೇಪು ಹಿಡಿಯುವ ಮನುಷ್ಯನನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಐದನೆಯವರು ಮುದಗಲ್ಲಿನ ಅಕ್ಕ. ಸವೆದ ಬೀಸುವ ಕಲ್ಲುಗಳಿಗೆ ಉಳಿಯಿಂದ ಹೊಸ ಕಚ್ಚು ಹೊಡೆದುಕೊಡುತ್ತ ಊರೂರು ತಿರುಗುವವಳು. ಅವಳು ನೆಕ್ಕುತ್ತಿರಲಿಲ್ಲ, ತೂಗುತ್ತಲೂ ಇರಲಿಲ್ಲ. ಉಳಿಯ ಹಿಂಬದಿಯಿಂದ ಒಮ್ಮೆ ಕುಟ್ಟಿ ಕಿವಿ ಕೊಡುತ್ತಿದ್ದಳು. "ಒಳಗ ಬಿರುಕು ಅದ" ಎಂದರೆ ಇದ್ದೇ ಇರುತ್ತಿತ್ತು. ಕಾಕಾನ ಮೂರನೆಯ ಪ್ರಶ್ನೆಗೆ ಅವಳ ಉತ್ತರ ಪ್ರತಿ ಸಲವೂ ಒಂದೇ.

"ಏನಂತ ತಿಳ್ಕೊಂಡು ಎತ್ತಿದಿ ತಂಗೀ?"

"ಕಲ್ಲು ಅಂತ."

ಇನ್ನು ನನ್ನ ಹೇಳಿಕೆಗಳು. ನಾನು ತಂದದ್ದು ಏಳೇ ಕಲ್ಲು. ಆದರೆ ಎಲ್ಲರಿಗಿಂತ ಉದ್ದದ ಹೇಳಿಕೆ ನನ್ನದೇ. ಜಲದುರ್ಗದ ಕೆಳಗೆ ಕೃಷ್ಣೆಯಲ್ಲಿ ಮೊಣಕಾಲುಮಟ್ಟ ಇಳಿದೆ, ಮೀನು ಎಂದು ತಿಳಿದು ಹಿಡಿದೆ, ಕೈ ತೆರೆದರೆ ಗೆರೆಗೆರೆಯ ಅಕೀಕ್ ಹರಳು. ಸಾವುಕಾರರು ಬಾಯಿ ತೆರೆದು ಕೇಳುತ್ತಿದ್ದರು. ಅವರು ಕೇಳಿದಷ್ಟೂ ಹೊಳೆ ಆಳವಾಗುತ್ತಿತ್ತು.

ನಿಜಾಮರ ಆಡಳಿತ ಮುಗಿದು ಐದಾರು ವರ್ಷವಾಗಿದ್ದ ಕಾಲ. ಕಾಕಾನ ಕಣ್ಣಿಗೆ ಪೊರೆ ಬರತೊಡಗಿತ್ತು. ರಾಯಚೂರಿನಲ್ಲಿದ್ದ ಮಗಳು, ಇಲ್ಲಿಗೆ ಬಂದುಬಿಡು, ಆಪರೇಷನ್ ಮಾಡಿಸಿ ಇಲ್ಲೇ ಇಟ್ಟುಕೊಳ್ಳುತ್ತೇನೆ ಎಂದು ಕಾಗದ ಬರೆದಿದ್ದಳು. ಕಾಕಾ ಒಪ್ಪಿದರು. ಮನೆಗೆ ಬೀಗ ಬೀಳುವುದಾಯಿತು. ಉಳಿದದ್ದು ಕಪಾಟಿನ ಮಾತು. ಹೊಸ ಹೈಸ್ಕೂಲಿನ ಹೆಡ್‌ಮಾಸ್ತರರು ಬಂದು ನೋಡಿ, ಕೊಟ್ಟರೆ ತೆಗೆದುಕೊಳ್ಳುತ್ತೇವೆ ಎಂದರು. ಎರಡು ಷರತ್ತು ಹಾಕಿದರು. ಚೀಟಿಗಳೆಲ್ಲ ಕಾಕಾನ ಕೈಬರಹದಲ್ಲಿ, ಉರ್ದುವಿನಲ್ಲಿದ್ದವು. ಅವು ಕನ್ನಡದಲ್ಲಿರಬೇಕು, ಊರಿಲ್ಲದ ಕಲ್ಲು ಬೇಡ. "ಮಕ್ಕಳನ್ನ ಅದೇ ಜಾಗಾಕ್ಕ ಕರ್ಕೊಂಡು ಹೋಗಿ ತೋರಿಸಬೇಕ್ರೀ. ಅದಕ್ಕ ಜಾಗಾ ಬರಾಬರ್ ಇರಬೇಕು."

"ಬರಾಬರ್ ಅದಾವ. ನನ್ನ ಮಾತು" ಎಂದರು ಕಾಕಾ. ಸೋಮವಾರ ಕಪಾಟು ಒಯ್ಯುವುದು, ಮರುದಿನ ಅವರು ರಾಯಚೂರಿಗೆ ಹೊರಡುವುದು ಎಂದು ನಿಶ್ಚಯವಾಯಿತು. ಹೆಡ್‌ಮಾಸ್ತರರು ಹೋದ ಮೇಲೆ ಕಾಕಾ ಕಪಾಟಿನ ಗಾಜಿನ ಮೇಲೆ ಕೈಯಾಡಿಸುತ್ತ, "ನಾ ನೋಡಲಿಲ್ಲಂದ್ರ ಏನಾತು, ನೋಡೋರಿಗೆ ಕೊಟ್ಟು ಹೋದಂಗಾತು" ಎಂದರು. ನನಗೆ ಅಣಕಿಸಲು ಮನಸ್ಸಾಗದ ಕಾಕಾನ ಮಾತು ಅದೊಂದೇ.

ಕನ್ನಡದ ಅಕ್ಷರ ದುಂಡಗೆ ಬರೆಯುವವನು ನಾನು. ಕೆಲಸ ನನಗೆ ಬಂತು. ಕಾಕಾ ಹೇಳಿಕೊಟ್ಟ ಕ್ರಮ ಸುಲಭದ್ದು: ಒಂದು ಕಲ್ಲು ತೆಗೆ, ಚೀಟಿ ಓದು, ಕನ್ನಡದಲ್ಲಿ ಬರೆ, ಆಮೇಲೆ ಒದ್ದೆ ಅರಿವೆ ಸುತ್ತಿಟ್ಟು ಹಳೆಯದನ್ನು ಬಿಡಿಸು, ಹೊಸದನ್ನು ಅಂಟಿಸು, ಇನ್ನೊಂದು ಕಲ್ಲು ತೆಗೆ. ಬುಧವಾರ ಮಧ್ಯಾಹ್ನ ರಜೆ ಹಾಕಿ ಕೂತೆ. ಒಂದೇ ಕಲ್ಲಿಗೆ ಅರ್ಧ ತಾಸು ಹೋದರೂ ಚೀಟಿ ಬಿಡಲಿಲ್ಲ. ಗೋಂದು ಕಲ್ಲಿಗಿಂತ ಗಟ್ಟಿಯಾಗಿತ್ತು. ಸಂಜೆ ಮಸ್ಕಿಯಲ್ಲಿ ನಾಟಕದ ತಾಲೀಮು, ಅದರಲ್ಲಿ ನನಗೆ ಹಾಸ್ಯಗಾರನ ಪಾತ್ರ. ಕಾಕಾ ಒಳಗೆ ಮಲಗಿದ್ದರು. ನನ್ನ ಬುದ್ಧಿ ಓಡಿತು. ಹಿತ್ತಲಿನ ತಾಮ್ರದ ಹಂಡೆಯಲ್ಲಿ ಬಿಸಿನೀರು ಇತ್ತು. ಎಲ್ಲ ಕಲ್ಲನ್ನೂ ಒಟ್ಟಿಗೆ ಅದರಲ್ಲಿ ಇಳಿಬಿಟ್ಟರೆ ಗೋಂದು ತಾನೇ ಮೆತ್ತಗಾಗುತ್ತದೆ. ಆಮೇಲೆ ಒಂದೊಂದಾಗಿ ತೆಗೆದು, ಓದಿ, ಬರೆದುಕೊಂಡರಾಯಿತು.

ಮೆತ್ತಗಾಯಿತು. ಕಾಕಾ ಚೀಟಿ ಬರೆದದ್ದು ಶಾಲೆ ಹುಡುಗರು ನೀರಿಗೆ ಗುಳಿಗೆ ಹಾಕಿ ಮಾಡಿಕೊಳ್ಳುವ ಶಾಯಿಯಲ್ಲಿ ಎಂಬುದು ನನಗೆ ನೆನಪಾಗುವ ಹೊತ್ತಿಗೆ ಹಂಡೆಯ ನೀರು ನೀಲಿಯಾಗಿತ್ತು. ಬಿಳಿ ಚೀಟಿಗಳು ಅನ್ನದ ಅಗುಳಿನಂತೆ ಮೇಲೆ ತೇಲುತ್ತಿದ್ದವು. ಒಂದರ ಮೇಲೂ ಒಂದಕ್ಷರ ಇರಲಿಲ್ಲ. ಯಾದಿಯ ಪುಸ್ತಕ ಒಂದು ಇತ್ತು. ಅದನ್ನು ಎರಡು ವರ್ಷದ ಹಿಂದೆ ಗೆದ್ದಲು ಓದಿ ಮುಗಿಸಿತ್ತು. ಹಂಡೆಯ ತಳದಲ್ಲಿ ನೂರಾ ಹನ್ನೊಂದು ಕಲ್ಲು, ನಾವು ಅಷ್ಟು ಸಲ ನೆಕ್ಕಿದರೂ ಕಾಣದ ಬಣ್ಣದಲ್ಲಿ ಹೊಳೆಯುತ್ತ ಕೂತಿದ್ದವು.

ಎದ್ದು ಬಂದ ಕಾಕಾ ನನ್ನ ಹತ್ತಿರ ಬಗ್ಗಿ ನೋಡಿದರು. ಮಂಜು ಮಂಜಾದ ಕಣ್ಣಿಗೂ ನನ್ನ ಕೈ ಕಂಡಿತು.

"ಕೈ ಯಾಕ ನೀಲಿ ಆಗ್ಯಾವಲೇ?"

ಹೇಳಿದೆ. ಅವರು ಬೈಯುತ್ತಾರೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು, ಬೈಗುಳ ನನಗೆ ಗೊತ್ತಿರುವ ವಸ್ತು, ನಾಳೆ ಅದನ್ನೂ ಅಣಕಿಸಿ ನಗಬಹುದಿತ್ತು. ಅವರು ಹಂಡೆಯ ಪಕ್ಕದ ಕಟ್ಟೆಯ ಮೇಲೆ ಕೂತರು. ನೀರಿನಲ್ಲಿ ಕೈಯಿಳಿಸಿ ಒಂದು ಕಲ್ಲು ತೆಗೆದರು, ಸವರಿದರು. "ಇದು ನಂದು. ತಾವರಗೇರಿ ದಾರ್ಯಾಗ" ಎಂದು ಬದಿಗಿಟ್ಟರು. ಹೀಗೆ ತಮ್ಮ ಸ್ವಂತದ ಇಪ್ಪತ್ತೆರಡನ್ನು ಬೆರಳಿನಿಂದಲೇ ಆರಿಸಿ ತೆಗೆದರು. ಒಂದೂ ತಪ್ಪಲಿಲ್ಲ. ಆಮೇಲೆ ಕೈ ಒರೆಸಿಕೊಂಡು, "ಉಳಿದದ್ದು ನನಗ ಬರಂಗಿಲ್ಲ. ಹೆಡ್‌ಮಾಸ್ತರ್ಗೆ ಹೇಳಿ ಬಾ, ಕಪಾಟು ಖಾಲಿ ಬರ್ತದ ಅಂತ" ಎಂದರು.

ನಾನು ಏಳಲಿಲ್ಲ. ಕೈಗೆ ಸಿಕ್ಕ ಒಂದು ಕಲ್ಲು ಹಿಡಿದು ಸುಮ್ಮನೆ ನೋಡುತ್ತಿದ್ದೆ. ಹಳದಿ ಹೊಳಪಿನ ಚೌಕ ಹರಳುಗಳು ಮೆತ್ತಿಕೊಂಡ ಕಲ್ಲು. ನನ್ನ ಗಂಟಲು ಅದನ್ನು ಗುರುತು ಹಿಡಿಯಿತು. ನನ್ನನ್ನು ಕೇಳದೆಯೇ ಬಲಗೈ ಗಜ ಅಳೆಯುವಂತೆ ಮೇಲೆದ್ದಿತು: "ಏನಂತ ತಿಳ್ಕೊಂಡೆ ಅಂತೀರಿ? ಬಂಗಾರ ರೀ, ಸಾಕ್ಷಾತ್ ಬಂಗಾರ! ಗುಡ್ಡದ ಪಡುವಣ ಬಗಲಾಗ ಹಳೇ ಕುಣಿ..."

ಕಾಕಾ ತಲೆ ಎತ್ತಿದರು. "ಮುಂದ?"

"...ಐತಲ್ಲ, ಅದರ ಬಾಯಿಗೇ ಬಿದ್ದಿತ್ತು."

"ಬರಿ" ಎಂದರು. "ಬರಿಯಲೇ ಜಲ್ದಿ! ಮಸ್ಕಿ ಗುಡ್ಡ, ಪಡುವಣ ಬಗಲು, ಹಳೇ ಕುಣಿ ಬಾಯಿ. ಇನ್ನೊಂದು ತಗೊ."

ತಾಲೀಮು ಅಲ್ಲಿಗೆ ಮುಗಿಯಿತು. ಅಂದರೆ ಅದು ಹಿತ್ತಲಲ್ಲೇ ಆಯಿತು. ಕಲ್ಲನ್ನು ಎಡ ಅಂಗೈ ಮೇಲೆ ಇಟ್ಟುಕೊಂಡು ಎದ್ದು ನಿಲ್ಲುತ್ತಿದ್ದೆ, ಕಾಕಾ ಅದೇ ಮೂರು ಪ್ರಶ್ನೆ ಕೇಳುತ್ತಿದ್ದರು. ಸಾವುಕಾರರ ದನಿ ತೆಗೆದರೆ ಮಸ್ಕಿಯ ಗುಡ್ಡವೆಲ್ಲ ಸಾಲಾಗಿ ಬರುತ್ತಿತ್ತು. ಓವರ್ಸಿಯರರಂತೆ ಮೂಗಿನಲ್ಲಿ "ಅಂಡಿ" ಎಂದ ಕೂಡಲೇ ಅಡಿ, ಇಂಚು ಸಮೇತ ಬಾಯಿಗೆ ಬರುತ್ತಿತ್ತು. ನನ್ನ ಸ್ವಂತ ದನಿಯಲ್ಲಿ ಯೋಚಿಸಿದರೆ ಏನೂ ನೆನಪಾಗುತ್ತಿರಲಿಲ್ಲ. ವರ್ಷಗಟ್ಟಲೆ ಅವರನ್ನು ಗೇಲಿ ಮಾಡಲೆಂದು ಕಿವಿಗೊಟ್ಟಿದ್ದೆ; ಗೇಲಿ ಮಾಡುವವನಷ್ಟು ಗಮನವಿಟ್ಟು ಯಾರೂ ಕೇಳಿರುವುದಿಲ್ಲ ಎಂದು ಆ ಹಿತ್ತಲಲ್ಲಿ ಗೊತ್ತಾಯಿತು. ಗುರುವಾರ, ಶುಕ್ರವಾರ, ಶನಿವಾರ ಕಚೇರಿ ಮುಗಿದ ಕೂಡಲೇ ಓಡಿ ಬಂದು ಇದೇ ಕೆಲಸ.

ಭಾನುವಾರ ಉಳಿದವರು ಬಂದರು. ಕಾಕಾ ನಡೆದದ್ದನ್ನು ಮುಚ್ಚಿಡದೆ ಹೇಳಿ, "ಇಂವ ತಪ್ಪು ಹೇಳಿದ್ರ ಅಲ್ಲೇ ತಡೀರಿ" ಎಂದರು. ಅಂದರೆ ನಾನು ಅವರವರ ಎದುರಿಗೇ ಅವರವರ ಅಣಕ ಮಾಡಬೇಕು. ಹಿಂದಿನಿಂದ ಮಾಡುವಾಗಿನ ಧೈರ್ಯ ಎದುರಿಗೆ ಎಲ್ಲಿಂದ ಬರಬೇಕು? ಶುರುಮಾಡಿದೆ.

"ನಾ ಹಿಂಗ ಮಾತಾಡ್ತೀನಿ ಏನು?" ಎಂದರು ಸಾವುಕಾರರು, ಎರಡನೇ ಕಲ್ಲಿಗೇ.

"ಇದಕ್ಕಿಂತ ಜೋರಾಗಿ ಅಂಡಿ" ಎಂದರು ಓವರ್ಸಿಯರ್ ಸಾಹೇಬರು.

"ಕೈ ಇಷ್ಟು ಬೀಸ್ತೀನಿ?"

"ಬೀಸ್ತೀರಿ" ಎಂದಳು ಅಕ್ಕ. "ಹೋದ ತಿಂಗಳ ನನ್ನ ಕಿವಿಗೆ ಬಡೀತು."

ಸಾವುಕಾರರು ಮುಖ ಉಬ್ಬಿಸಿ ಕೂತರು. ಆದರೆ ಹತ್ತನೆಯ ಕಲ್ಲಿನ ಹೊತ್ತಿಗೆ ತಾವೇ ನನ್ನ ಜೊತೆ ಹೇಳತೊಡಗಿದರು. ಒಂದೇ ಮಾತನ್ನು ಇಬ್ಬರೂ ಒಂದೇ ದನಿಯಲ್ಲಿ, ಇಬ್ಬರೂ ಕೈ ಬೀಸುತ್ತ. ಓವರ್ಸಿಯರರು ಮಧ್ಯೆ ಒಮ್ಮೆ ನನ್ನನ್ನು ತಡೆದರು. "ಒಂಬತ್ತು ಅಡಿ ಅಲ್ಲ ಅಂಡಿ, ಒಂಬತ್ತೂವರೆ." ಜೇಬಿನಿಂದ ಸಣ್ಣ ಪುಸ್ತಕ ತೆಗೆದು ತೋರಿಸಿದರು. ಒಂಬತ್ತೂವರೆಯೇ ಇತ್ತು. ಅಕ್ಕನ ಹದಿನಾಲ್ಕು ಕಲ್ಲಿಗೆ ನನ್ನ ವಿದ್ಯೆ ಉಪಯೋಗಕ್ಕೆ ಬರಲಿಲ್ಲ; "ಕಲ್ಲು ಅಂತ" ಎಂಬುದನ್ನು ಎಷ್ಟು ಸೊಗಸಾಗಿ ಅಣಕಿಸಿದರೂ ಅದರಲ್ಲಿ ಊರು ಸಿಗುವುದಿಲ್ಲ. ಅವಳು ಉಳಿ ತೆಗೆದಳು. ಕುಟ್ಟಿದಳು, ಕೇಳಿದಳು. "ಮುದಗಲ್ ಕ್ವಾಟಿ ಹಿಂದಿಂದು." ಕುಟ್ಟಿದಳು. "ಇದು ನಾಗರಾಳದ ಹಳ್ಳ." ಹದಿನಾಲ್ಕೂ ಮುಗಿಸಿ ಉಳಿಯನ್ನು ಸೆರಗಿಗೆ ಒರೆಸಿ ಒಳಗಿಟ್ಟಳು.

ಏಳು ಉಳಿದವು.

"ಇನ್ನ ನಿನ್ನ ದನಿ ತೆಗಿಯಪಾ" ಎಂದರು ಕಾಕಾ. "ನಿನ್ನವು ಮುಂದಿನ ಸಾಲಿನಾಗ ಇಡಬೇಕಂತ ಹೆಡ್‌ಮಾಸ್ತರ್ ಹೇಳ್ಯಾರ. ಮೊದಲನೇ ಸಲ ಹುಡುಗ್ರನ್ನ ಜಲದುರ್ಗದ ಹೊಳಿಗೇ ಒಯ್ತಾರಂತ."

ಎದ್ದು ನಿಂತೆ. ಎಡ ಅಂಗೈ ಮೇಲೆ ಒಂದು ಅಕೀಕ್. ಬಾಯಿ ತೆರೆದರೆ ಹೊಳೆ ಬರಲಿಲ್ಲ, ಮೀನೂ ಬರಲಿಲ್ಲ. ಬರಿಸಿದ್ದರೆ ಬರುತ್ತಿತ್ತು, ಉದ್ದುದ್ದ ಹೇಳಿಕೆಗಳೆಲ್ಲ ನನಗೆ ಬಾಯಿಪಾಠ ಇದ್ದವು. ಎದುರಿಗೆ ಒಂಬತ್ತೂವರೆ ಅಡಿಯ ಪುಸ್ತಕ ಹಿಡಿದ ಮನುಷ್ಯ ಕೂತಿದ್ದರು. ಪೊರೆ ಬಂದ ಎರಡು ಕಣ್ಣು ನನ್ನ ದನಿ ಇದ್ದ ಕಡೆಗೆ ತಿರುಗಿದ್ದವು.

"ನಾ ಜಲದುರ್ಗಕ್ಕ ಹೋಗೇ ಇಲ್ಲ ಕಾಕಾ" ಎಂದೆ.

"ಮತ್ತ?"

"ಬಸ್ ನಿಲ್ತದಲ್ಲ, ಅದರ ಹಿಂದ ಕಟ್ಟಡಕ್ಕಂತ ಲಾರಿಯಾಗ ತಂದು ಸುರುವಿದ ಉಸುಕಿನ ಗುಡ್ಡಿ ಐತಿ. ಅದರಾಗ ಆರಿಸಿದ್ನಿ. ಏಳಕ್ಕ ಏಳೂ."

"ಲಾರಿ ಎಲ್ಲಿಂದ ಬಂದಿತ್ತು?"

"ಗೊತ್ತಿಲ್ಲ."

ಸಾವುಕಾರರು, "ಅಯ್ಯ ನಿನ್ನ! ಆ ಹೊಳಿ ಕಥಿ ಕೇಳಿ ನಾ ನಮ್ಮಾಕಿ ಮುಂದ ಹೇಳಿ ಕಣ್ಣಾಗ ನೀರು ತಂದೀನಿ" ಎಂದು ಕೂಗಿದರು. ಯಾರೂ ನಗಲಿಲ್ಲ. ಸೋಮವಾರದ ಮಾತು ಎಲ್ಲರ ತಲೆಯಲ್ಲೂ ಇತ್ತು. ಜಾಗ ಬರಾಬರ್ ಅದಾವ, ನನ್ನ ಮಾತು ಎಂದು ಕಾಕಾ ಹೇಳಿಯಾಗಿತ್ತು. ಏಳು ಕಲ್ಲು ಸುಳ್ಳಾದರೆ ಉಳಿದ ನೂರಾ ನಾಲ್ಕನ್ನು ಯಾರು ನಂಬಬೇಕು, ಅದೂ ಒಬ್ಬ ಸುಳ್ಳುಗಾರನ ಗಂಟಲಿನಿಂದ ಬಂದವನ್ನು?

ಕಾಕಾ ಕಲ್ಲನ್ನು ಇಸಿದುಕೊಂಡು ಅಂಗೈಯಲ್ಲಿ ತೂಗಿದರು. "ಮೂರನೇ ಮಾತು ಉಳೀತಲ್ಲ. ಏನಂತ ತಿಳ್ಕೊಂಡು ಎತ್ತಿದಿ?"

"ನಿಮ್ಮೆಲ್ಲಾರ ಮುಂದ ನಿಂತು ಹೇಳಾಕ ಛಲೋ ಇರ್ತದ ಅಂತ."

"ಹಂಗೇ ಬರಿ" ಎಂದರು. "ಬಸ್ ನಿಲ್ಲೋ ಜಾಗದ ಹಿಂದ, ಉಸುಕಿನ ಗುಡ್ಡಿ. ಲಾರಿ ಎಲ್ಲಿಂದೋ ಗೊತ್ತಿಲ್ಲ. ಏಳು ಸಲ ಬರಿ."

ಬರೆದೆ. ನನ್ನ ಜೀವಮಾನದಲ್ಲಿ ಅಷ್ಟು ದುಂಡಗೆ ಎಂದೂ ಬರೆದಿರಲಿಲ್ಲ. ಈ ಸಲ ಶಾಯಿಯನ್ನು ಓವರ್ಸಿಯರ್ ಸಾಹೇಬರು ಕೊಟ್ಟಿದ್ದರು, ನಕ್ಷೆ ಬರೆಯುವ ಕಪ್ಪು ಶಾಯಿ. ಒಣಗಿದ ಮೇಲೆ ಅಕ್ಕ ಬೆರಳು ಒದ್ದೆ ಮಾಡಿ ಎಲ್ಲದರ ಮೇಲೂ ಉಜ್ಜಿ ನೋಡಿದಳು. ನನ್ನ ಕಡೆ ನೋಡಲಿಲ್ಲ.

ಸೋಮವಾರ ಕಪಾಟು ಎತ್ತಿನ ಗಾಡಿಯಲ್ಲಿ ಹೈಸ್ಕೂಲಿಗೆ ಹೋಯಿತು. ಹೆಡ್‌ಮಾಸ್ತರರು ಗಾಜು ತೆಗೆದು ಮುಂದಿನ ಸಾಲಿನಿಂದಲೇ ಒಂದು ಕಲ್ಲು ಎತ್ತಿ ಗಟ್ಟಿಯಾಗಿ ಓದಿದರು. ಓದುತ್ತ ಓದುತ್ತ ಅವರ ಹುಬ್ಬು ಮೇಲೇರಿತು.

"ಏನ್ರೀ ಇದು? ಉಸುಕಿನ ಗುಡ್ಡಿ? ಬಸ್ ನಿಲ್ಲೋ ಜಾಗ? ಜಲದುರ್ಗ ಅಂದಿದ್ರಿ. ಇಂಥಾ ಚೀಟಿ ನಂಬೋದು ಹೆಂಗ?"

ನಾನು ಗೋಡೆಗೆ ಅಂಟಿಕೊಂಡೆ. ಕಾಕಾ ಕೈ ಚಾಚಿ ಕಲ್ಲನ್ನು ಇಸಿದುಕೊಂಡರು, ಚೀಟಿಯ ಮೇಲೆ ಹೆಬ್ಬೆರಳು ಆಡಿಸಿದರು.

"ಎಲ್ಲಾಕ್ಕಿಂತ ಮೊದಲು ಇದನ್ನ ನಂಬ್ರಿ ಸರ್. ಬಾಕಿ ಕಲ್ಲಿಗೆ ಜಾಗಾ ಹೇಳೋದ್ರಾಗ ಯಾರಿಗೂ ತ್ರಾಸ ಆಗಿಲ್ಲ. ಇದಕ್ಕ ಆಗ್ಯದ."

ಹೆಡ್‌ಮಾಸ್ತರರಿಗೆ ಅರ್ಥವಾಯಿತೋ ಇಲ್ಲವೋ. ಅವರು ಕಾಕಾನ ಮುಖ ನೋಡಿದರು, ಗೋಡೆಗೆ ಅಂಟಿದ್ದ ನನ್ನನ್ನು ನೋಡಿದರು, ಕಲ್ಲನ್ನು ಮತ್ತೆ ಮುಂದಿನ ಸಾಲಿನಲ್ಲೇ ಇಟ್ಟು ಗಾಜು ಮುಚ್ಚಿದರು. "ಗುಡ್ಡಿ ಇನ್ನೂ ಐತೇನು ಅಲ್ಲಿ?" ಎಂದು ನನ್ನನ್ನು ಕೇಳಿದರು.

"ಅರ್ಧ ಐತ್ರಿ. ಉಳಿದದ್ದು ಕಟ್ಟಡಕ್ಕ ಹೋಗ್ಯದ."

"ಹಂಗಾದ್ರ ಈ ವಾರನ ಹುಡುಗ್ರನ್ನ ಕರ್ಕೊಂಡು ಬರ್ತೀನಿ. ನೀ ಇರಬೇಕು ನೋಡು ಅಲ್ಲಿ."

ಶನಿವಾರ ಹೋಗಿ ನಿಂತೆ. ಇಪ್ಪತ್ತು ಹುಡುಗರು ಉಸುಕಿನ ಗುಡ್ಡೆಯ ಮೇಲೆ ಬಿದ್ದು ಕೆದಕಿದರು. ಬಸ್ಸಿಗೆ ಕಾದಿದ್ದವರೆಲ್ಲ ಸುತ್ತ ನಿಂತು ನೋಡಿದರು. ಒಬ್ಬ ಹುಡುಗ ಒಂದು ಹರಳು ಹಿಡಿದು ಓಡಿ ಬಂದ. "ಸರ್, ಇದು ಏನು ಸರ್?"

"ಮೊದಲು ಎಡಗೈ ಮ್ಯಾಲ ಇಡು" ಎಂದೆ. "ಎಲ್ಲಿ ಸಿಕ್ಕಿತು, ಹೇಳು."